ಮಡಿಕೇರಿ ಬರೆಯ ನೀಲಿ ಹೈಡ್ರಾಂಜಿಯ

ಮಡಿಕೇರಿಯ ಹೊರವಲಯದ ಕಾಫಿ ತೋಟವೊಂದರ ಮನೆ. ಗೇಟಿನಿಂದ ಅಂಗಳಕ್ಕೆ ಇಳಿಯುವ ದಾರಿಯುದ್ದಕ್ಕೂ ಮಣ್ಣಿನ ಬರೆಗೆ ಒರಗಿಕೊಂಡು ಹೈಡ್ರಾಂಜಿಯ ನಿಂತಿದೆ. ಮೇ ತಿಂಗಳ ಮಳೆ ಬಿದ್ದಾಗಿದೆ. ಹಸಿರು ಗೊಂಚಲುಗಳು ಅಂಚಿನಿಂದ ನೀಲಿಗೆ ತಿರುಗುತ್ತಿವೆ. ಮನೆಯ ಗೋಡೆಯ ಪಕ್ಕದ ಸಾಲು ಮಾತ್ರ ಗುಲಾಬಿ. "ಎಲ್ಲ ಒಂದೇ ಗಿಡದ ಕಡ್ಡಿ, ನಾನೇ ನೆಟ್ಟದ್ದು" ಎಂದರು ಮನೆಯೊಡತಿ.

ವ್ಯತ್ಯಾಸ ಇರುವುದು ಮಣ್ಣಿನಲ್ಲಿ. ಬರೆಯ ಕೆಂಪು ಮಣ್ಣು ಹುಳಿ. ರಸಸಾರ 5.5ಕ್ಕಿಂತ ಕಡಿಮೆಯಿದ್ದರೆ ಮಣ್ಣಿನ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ, ಹೂವು ನೀಲಿಯಾಗುತ್ತದೆ. ಗೋಡೆಯ ಸುಣ್ಣ, ಸಿಮೆಂಟು ಮಳೆಗೆ ತೊಳೆದು ಇಳಿದ ಕಡೆ ಆ ಹುಳಿ ಮುರಿದಿದೆ. ಬಿಳಿ ತಳಿಗೆ ಈ ಬದಲಾವಣೆ ಇಲ್ಲ. ಗೋಡೆ ಬದಿಯದ್ದನ್ನೂ ನೀಲಿ ಮಾಡಬೇಕೆಂದರೆ ಅಲ್ಯೂಮಿನಿಯಂ ಸಲ್ಫೇಟನ್ನು 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚದಂತೆ ಕರಗಿಸಿ, ಮೊದಲೇ ನೆನೆದ ಮಣ್ಣಿಗೆ ಹೊಯ್ಯಬೇಕು. ಹೆಚ್ಚಾದರೆ ಬೇರು ಸುಡುತ್ತದೆ.

ಶೆಡ್ಡಿನಲ್ಲಿ ಕಾಫಿಗೆಂದು ತಂದ, ರಂಜಕ ಹೆಚ್ಚಿರುವ 10:26:26 ಗೊಬ್ಬರದ ಚೀಲವಿದೆ. ಅದನ್ನು ಇವರು ನೀಲಿ ಸಾಲಿನ ಹತ್ತಿರಕ್ಕೂ ತರುವುದಿಲ್ಲ. ಸರಿಯಾದ ನಿರ್ಧಾರ, ರಂಜಕ ಹೆಚ್ಚಾದರೆ ಅದು ಅಲ್ಯೂಮಿನಿಯಂ ಅನ್ನು ಹಿಡಿದಿಟ್ಟು ಬೇರಿಗೆ ಸಿಗದಂತೆ ಮಾಡುತ್ತದೆ. ಯೂರಿಯಾ ಬಗ್ಗೆ ಕೇಳಿದೆ. "ಎಲೆ ಅಂಗೈಗಿಂತ ದೊಡ್ಡದು ಬರ್ತದೆ. ಹೂವು ಹುಡುಕಬೇಕು" ಎಂದರು. ಹೂವಿಲ್ಲವೆಂದು ಮತ್ತೆ ಮತ್ತೆ ಸಾರಜನಕ ಸುರಿಯುವವರು ಈ ಮಾತು ಕೇಳಬೇಕು. ಇಲ್ಲಿ ಗಿಡಕ್ಕೆ ಸಿಗುವುದು ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಪೊಟ್ಯಾಷ್, ಬುಡಕ್ಕೆ ದರಗಿನ ಹೊದಿಕೆ. ಗೊಬ್ಬರ ಕಾಂಡಕ್ಕೆ ತಾಗದಂತೆ, ಎಲೆಯ ನೆರಳು ಬೀಳುವ ಅಂಚಿನಲ್ಲಿ ಸುತ್ತ ಹರಡಿದ್ದಾರೆ.

ಗೊಬ್ಬರ ಹಾಕುವ ಹೊತ್ತು ಕಾಫಿಯಿಂದ ಕಲಿತದ್ದೇ. ಜೂನ್, ಜುಲೈನ ಜಡಿಮಳೆಗೆ ಹಾಕಿದ್ದೆಲ್ಲ ಇಳಿಜಾರಿನಲ್ಲಿ ಕೊಚ್ಚಿಹೋಗುತ್ತದೆ. ಹಾಗಾಗಿ ಅರ್ಧ ಮುಂಗಾರಿಗೆ ಮುಂಚೆ, ಉಳಿದರ್ಧ ಮಳೆ ತಗ್ಗಿದ ಸೆಪ್ಟೆಂಬರಿನಲ್ಲಿ. ಎರಡನೆಯದೇ ನನಗೆ ಮುಖ್ಯವೆನಿಸಿತು. ಈ ಜಾತಿಯಲ್ಲಿ ಬರುವ ವರ್ಷದ ಹೂಮೊಗ್ಗು ಕಟ್ಟುವುದು ಈ ವರ್ಷದ ಕಡ್ಡಿಯ ತುದಿಯಲ್ಲಿ, ಮಳೆಗಾಲ ಕಳೆದು ಚಳಿ ಕಾಲಿಡುವಾಗ. ಒಣಗಿದ ಗೊಂಚಲುಗಳನ್ನು ಅದಕ್ಕೂ ಮೊದಲೇ, ಗೊಂಚಲಿನ ಕೆಳಗಿನ ಮೊದಲ ಜೋಡಿ ಎಲೆಯ ಮೇಲಕ್ಕೆ ಕತ್ತರಿಸಿ ಮುಗಿಸುತ್ತಾರೆ. ಜನವರಿಯಲ್ಲಿ ಗಿಡ ಬಡಕಲಾಯಿತೆಂದು ಕತ್ತರಿ ಹಾಕಿದರೆ ಕಟ್ಟಿದ ಮೊಗ್ಗೂ ಕಡ್ಡಿಯ ಜೊತೆ ಹೋಗುತ್ತದೆ. ಆ ವರ್ಷ ಯಾವ ಗೊಬ್ಬರವೂ ಅದನ್ನು ಮರಳಿ ತಾರದು.