ಕೊಲ್ಹಾಪುರಿ ಎಂಬ ಹೆಸರು, ಅಥಣಿಯ ಕಸುಬು

ಅಸಲಿ ಕೊಲ್ಹಾಪುರಿ ಚಪ್ಪಲಿಯನ್ನು ಮಗುಚಿ ಅಟ್ಟೆಯ ಅಂಚು ನೋಡಿ. ಒಂದು ಮೊಳೆಯೂ ಕಾಣುವುದಿಲ್ಲ. ತೊಗಲಿನ ಪದರಗಳನ್ನು ತೊಗಲಿನದೇ ಸಣ್ಣ ಎಳೆಯಿಂದ ಕೈಯಲ್ಲಿ ಹೊಲಿದಿರುತ್ತಾರೆ. ಆ ತೊಗಲು ಹದವಾಗುವುದು ಜಾಲಿ ತೊಗಟೆ, ಅಳಲೆಕಾಯಿಯ ನೀರಿನಲ್ಲಿ. ದಿನಗಟ್ಟಲೆ ಹಿಡಿಯುವ ಕೆಲಸ. ಬೆಳಗಾವಿ ಜಿಲ್ಲೆಯ ಅಥಣಿಯಲ್ಲಿ ಈ ತೊಗಲಿನ ಕಸುಬಿನ ಸಮಗಾರರ ಮನೆಗಳಲ್ಲಿ ಗಂಡಸರು ರಂಪಿಗೆ ಹಿಡಿದು ಅಟ್ಟೆ ಕೊಯ್ದರೆ, ಪಟ್ಟಿಯ ಮೇಲಿನ ನಾಜೂಕು ಹೆಣಿಗೆ ಹೆಚ್ಚಾಗಿ ಹೆಂಗಸರದ್ದು.

ಪೇಟೆಯಲ್ಲಿ ಇದೇ ಹೆಸರಿಗೆ ರೆಕ್ಸಿನ್ ಪಟ್ಟಿ, ರಬ್ಬರ್ ಅಟ್ಟೆ, ಯಂತ್ರದ ಹೊಲಿಗೆಯ ಜೋಡುಗಳೂ ಬಿಕರಿಯಾಗುತ್ತವೆ. ನೋಡಲು ಅವೂ ಹಾಗೆಯೇ ಇರುತ್ತವೆ.

ಹೆಸರಿಗೆ ಬೆಲೆ ಬಂದಲ್ಲೆಲ್ಲ ನಕಲಿಯೂ ಬರುತ್ತದೆ. 2008ರಲ್ಲಿ ನ್ಯೂಯಾರ್ಕ್‌ನ ಹರಾಜೊಂದಕ್ಕೆ ಫ್ರಾನ್ಸಿನ ಪೊನ್ಸೊ ಮನೆತನದ ಹೆಸರಿನ ಹಳೆಯ ವೈನ್ ಬಾಟಲಿಗಳು ಬಂದಿದ್ದವು. ಒಂದರ ಚೀಟಿಯ ಮೇಲೆ 1945 ಎಂದಿತ್ತು. ಆ ಮನೆತನ ಆ ವೈನ್ ತಯಾರಿಸತೊಡಗಿದ್ದೇ 1980ರ ದಶಕದಲ್ಲಿ! ಮನೆತನದ ಲೋರಾಂ ಪೊನ್ಸೊ ಖುದ್ದಾಗಿ ಅಡ್ಡಬಂದು ಆ ಬಾಟಲಿಗಳ ಹರಾಜು ತಡೆದರು. ಬಾಟಲಿ ಕೊಟ್ಟಿದ್ದ ರೂಡಿ ಕುರ್ನಿಯವಾನ್‌ಗೆ 2014ರಲ್ಲಿ 10 ವರ್ಷ ಜೈಲು ಶಿಕ್ಷೆಯಾಯಿತು.

ಪೊನ್ಸೊ ಎದ್ದು ನಿಲ್ಲಲು ಸಾಧ್ಯವಾದದ್ದು ಚೀಟಿಯ ಮೇಲೆ ಅವರ ಹೆಸರಿದ್ದುದರಿಂದ. ಅಥಣಿ, ನಿಪ್ಪಾಣಿ, ಮದಭಾವಿಯ ಕುಶಲಕರ್ಮಿಗೆ ಆ ಬಲವಿಲ್ಲ. ಅವರು ಹೊಲಿದದ್ದು ಕೊಲ್ಹಾಪುರದ ಅಂಗಡಿ ಸೇರಿದ ಮೇಲೆ ಮಾಡಿದ ಕೈ ಯಾವುದೆಂದು ಕೇಳುವವರೇ ಇಲ್ಲ.

ಈ ಕೊರತೆ ತುಂಬುವ ದಾರಿ 2019ರಲ್ಲಿ ತೆರೆಯಿತು. ಸರ್ಕಾರಿ ಚರ್ಮೋದ್ಯಮ ನಿಗಮಗಳಾದ ಕರ್ನಾಟಕದ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಮ್ ಈ ಚಪ್ಪಲಿಗೆ ಜಂಟಿಯಾಗಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದವು. ಆ ಕಡೆ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ. ಈ ಕಡೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಈ ಎಂಟು ಜಿಲ್ಲೆಗಳ ಹೊರಗೆ ಮಾಡಿದ್ದನ್ನು ಕೊಲ್ಹಾಪುರಿ ಎಂದು ಮಾರುವಂತಿಲ್ಲ.

ಆದರೂ 2025ರ ಜೂನ್‌ನಲ್ಲಿ ಮಿಲಾನ್‌ನ ಫ್ಯಾಷನ್ ಪ್ರದರ್ಶನದಲ್ಲಿ ಇಟಲಿಯ ಫ್ಯಾಷನ್ ಸಂಸ್ಥೆ ಪ್ರಾಡಾ ಇದೇ ಮಾದರಿಯ ಚಪ್ಪಲಿಯನ್ನು ಮೂಲದ ಸುಳಿವೇ ಕೊಡದೆ ತೋರಿಸಿತು. ಗದ್ದಲವೆದ್ದ ಮೇಲೆ ಭಾರತದ ಕಸುಬಿನ ಪ್ರೇರಣೆಯನ್ನು ಒಪ್ಪಿಕೊಂಡಿತು. ಆ ಗದ್ದಲದಲ್ಲೂ ಕೇಳಿಸಿದ್ದು ಹೆಚ್ಚಾಗಿ ಕೊಲ್ಹಾಪುರದ ಹೆಸರೇ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ದುಡಿಮೆಯನ್ನು ಕರ್ನಾಟಕದ ಸಚಿವ ಪ್ರಿಯಾಂಕ್ ಖರ್ಗೆ ನೆನಪಿಸಬೇಕಾಯಿತು. ಡಿಸೆಂಬರ್‌ನಲ್ಲಿ ಪ್ರಾಡಾ ಎರಡೂ ನಿಗಮಗಳೊಂದಿಗೆ ಒಪ್ಪಂದ ಮಾಡಿಕೊಂಡು, ಇಲ್ಲಿನವರಿಂದಲೇ 2,000 ಜೋಡು ಮಾಡಿಸುವುದಾಗಿ ಪ್ರಕಟಿಸಿತು. ಜೋಡಿಗೆ ಆಗ ಹೇಳಿದ ಬೆಲೆ ಸುಮಾರು 800 ಯೂರೊ.

ಭೌಗೋಳಿಕ ಸೂಚಕ ಮಾನ್ಯತೆಯ ಕಾನೂನಿನಲ್ಲಿ ಒಂದು ಮುಖ್ಯ ಮಾತಿದೆ: ಕುಶಲಕರ್ಮಿ ಅಧಿಕೃತ ಬಳಕೆದಾರರಾಗಿ ಹೆಸರು ನೋಂದಾಯಿಸಿಕೊಳ್ಳಬೇಕು. ಅಥಣಿಯ ಒಂದೊಂದು ಮನೆಗೂ ಹೋಗಿ ಆ ಅರ್ಜಿ ತುಂಬಿಸುವ ಕೆಲಸ ಲಿಡ್ಕರ್‌ನದ್ದು. ಜೊತೆಗೆ, ಡಬ್ಬಿಯ ಮೇಲೆ ಮಾಡಿದ ಊರಿನ ಹೆಸರನ್ನೂ ಅಚ್ಚು ಹಾಕಿಸಬೇಕು.