ದುರ್ಯೋಧನನ ತಾಲೀಮು

ನಮ್ಮೂರಲ್ಲಿ 2001ರಲ್ಲಿ ಬಿದ್ದುಹೋದ ಅಶ್ವತ್ಥ ಮರ ವಿದುರ ನೆಟ್ಟದ್ದು ಅಂತ ಹಿರಿಯರು ಹೇಳ್ತಾರೆ. ಆ ವಿದುರನ ಮಹಾಭಾರತದಲ್ಲಿ ಬಲಶಾಲಿ ವಿಲನ್ ಯಾರು?

ಬಕಾಸುರ ಅಂತಾರೆ ನನ್ನ ಸ್ನೇಹಿತರು. ಭೀಮ ಅವನನ್ನು ಕೊಂದದ್ದು ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಎಂಬ ನಂಬಿಕೆಯಿದೆ. ಆದರೆ ಬಕನಿಗೆ ಗುರು ಎಲ್ಲಿದ್ದ? ಬಂಡಿ ಅನ್ನ ತಿಂದದ್ದಷ್ಟೇ!

ದುರ್ಯೋಧನ ಹಾಗಲ್ಲ. ಬಲರಾಮನ ಹತ್ತಿರ ಗದಾಯುದ್ಧ ಕಲಿತ. ಆಮೇಲೆ ಭೀಮನದೇ ಕಬ್ಬಿಣದ ಬೊಂಬೆ ಮಾಡಿಸಿ, 13 ವರ್ಷ ಅದಕ್ಕೆ ಹೊಡೆದು ಹೊಡೆದು ಅಭ್ಯಾಸ ಮಾಡಿದ. ಭೀಮನಿಗೆ ಮೈಬಲ ಹೆಚ್ಚು, ಇವನಿಗೆ ಅಭ್ಯಾಸ ಹೆಚ್ಚು ಎಂದು ಕೃಷ್ಣನೇ ಅರ್ಜುನನಿಗೆ ಹೇಳುತ್ತಾನೆ.

ಕೊನೆಗೆ ಭೀಮ ತೊಡೆಗೆ ಹೊಡೆದ. ಗದಾಯುದ್ಧದಲ್ಲಿ ಹೊಕ್ಕುಳಿನ ಕೆಳಗೆ ಹೊಡೆಯೋ ಹಾಗಿಲ್ಲ. ಬಲರಾಮನಿಗೆ ಸಿಟ್ಟು ಬಂದದ್ದು ಅದಕ್ಕೇ. ನನಗೆ ಭೀಮನೇ ಇಷ್ಟ. ಆದರೂ ನಾನು ಅಂಪೈರ್ ಆಗಿದ್ರೆ ಫೌಲ್ ಕೊಡ್ತಿದ್ದೆ.