ವಸ್ತುಸಂಗ್ರಹಾಲಯ ಊರಿಗೆ ಬಂದಾಗ

ವಸ್ತುಸಂಗ್ರಹಾಲಯ ನೋಡಬೇಕಾದರೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕೆಂಬುದು ನಮ್ಮ ಕೊಪ್ಪಳ ಸೀಮೆಯವರ ರೂಢಿಯ ಮಾತು. ಮೈಸೂರಿನ ಕಾರಂಜಿ ಕೆರೆಯ ದಂಡೆಯಲ್ಲಿ 1995ರಿಂದ ಪ್ರಾಕೃತಿಕ ಇತಿಹಾಸದ ಪ್ರಾದೇಶಿಕ ಸಂಗ್ರಹಾಲಯವಿದೆ. ಯಲಬುರ್ಗಾದ ಹುಡುಗನು ಅದನ್ನು ಕಾಣಲು ರಾತ್ರಿಯೆಲ್ಲ ಪ್ರಯಾಣ ಮಾಡಬೇಕು. ಆದರೆ ಸಂಗ್ರಹಾಲಯವೇ ಗಾಲಿಯ ಮೇಲೆ ಬರುವುದೂ ಉಂಟು. 1965ರಲ್ಲಿ ಕಲ್ಕತ್ತೆಯ ಬಿರ್ಲಾ ಸಂಗ್ರಹಾಲಯದವರು ಪ್ರದರ್ಶನವನ್ನು ಬಸ್ಸಿನಲ್ಲಿ ಜೋಡಿಸಿ ಶಾಲೆಗಳಿಗೆ ಒಯ್ದರು. ಬೆಂಗಳೂರಿನ ವಿಶ್ವೇಶ್ವರಯ್ಯ ಸಂಗ್ರಹಾಲಯದ ವಾಹನಗಳೂ ಹಾಗೆಯೇ ಹಳ್ಳಿಯ ಪ್ರೌಢಶಾಲೆಗಳಿಗೆ ಹೋಗುತ್ತವೆ. 2012ರಲ್ಲಿ ಜೀವವೈವಿಧ್ಯವನ್ನು ತೋರಿಸುವ 16 ಬೋಗಿಗಳ ರೈಲೊಂದು ದೇಶಸಂಚಾರಕ್ಕೆ ಹೊರಟಿತ್ತು.

ಇಂತಹ ಅತಿಥಿ ಒಂದೂರಿನಲ್ಲಿ ನಿಲ್ಲುವುದು ಎರಡು ಮೂರು ದಿನ ಮಾತ್ರ. ಸುದ್ದಿ ಅದಕ್ಕಿಂತ ಮೊದಲೇ ಮನೆಮನೆ ಮುಟ್ಟಬೇಕು. ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಕೆಲವು ವರ್ಷಗಳ ಹಿಂದೆ ಅಂಥದೊಂದು ಪ್ರದರ್ಶನ ನಮ್ಮಲ್ಲಿಗೆ ಬಂದಾಗ ಕರಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಪಂಡಿತ ಪರೀಕ್ಷೆ ಮಾಡಿದವನ ಲೇಖನಿ ಸುಮ್ಮನಿರುತ್ತದೆಯೇ? 'ಪ್ರಾಕೃತಿಕೇತಿಹಾಸ ಸಂಚಾರಿ ಪ್ರದರ್ಶನೋದ್ಘಾಟನಾ ಸಮಾರಂಭ' ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದೆ. ಸಂತೆಯಲ್ಲಿ ಬದನೆಕಾಯಿ ಮಾರುವ ಅಜ್ಜಿ ಅದನ್ನು ಮೊಮ್ಮಗಳಿಂದ ಓದಿಸಿ, "ಅಲ್ಲೇನ್ ಮಾರ್ತಾರ್ರೀ ಮಾಸ್ತರ?" ಎಂದು ಕೇಳಿದಳು. ಸಮಾರಂಭಕ್ಕೆ ಗಣ್ಯರು ಬಂದರು, ಮಕ್ಕಳು ಬರಲಿಲ್ಲ. ಬಸ್ಸು ಹೋದ ಮರುದಿನ ಕುಷ್ಟಗಿ ಕಡೆಯ ಹಳ್ಳಿಯೊಂದರಿಂದ ಟ್ರಾಕ್ಟರು ತುಂಬ ಹುಡುಗರು ಬಂದಿಳಿದರು. ಕರಪತ್ರದಲ್ಲಿ ಉದ್ಘಾಟನೆಯ ದಿನವಿತ್ತು, ಮುಗಿಯುವ ದಿನವಿರಲಿಲ್ಲ. ಆ ಹುಡುಗರ ಮುಖ ನಾನು ಮರೆತಿಲ್ಲ.

ಆದ್ದರಿಂದ, ತಮ್ಮ ಊರಿಗೆ ಪ್ರದರ್ಶನ ಬರುವುದೆಂದು ತಿಳಿದೊಡನೆ ಒಂದು ಹಾಳೆ ತೆಗೆದುಕೊಳ್ಳಿರಿ. ಏನು, ಎಲ್ಲಿ, ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ಹೊತ್ತಿಗೆ, ದುಡ್ಡು ಕೊಡಬೇಕೋ ಬೇಡವೋ, ಯಾರನ್ನು ಕೇಳಬೇಕು, ಇಷ್ಟನ್ನು ಮೊದಲು ಬರೆಯಿರಿ. ಈ ಪತ್ರಿಕೆಯಂತಹ ಮಾಸಿಕಕ್ಕೆ ತಿಂಗಳಿಗೂ ಮುಂಚೆ ತಿಳಿಸಬೇಕು. ಹೊಸಪೇಟೆಯ ಆಕಾಶವಾಣಿಗೆ ಹದಿನೈದು ದಿನ ಮೊದಲು ಪತ್ರ ಹೋದರೆ ಒಳ್ಳೆಯದು. ಅಲ್ಲಿಯೂ ಕಾರ್ಯಕ್ರಮಗಳು ಮುಂಚಿತವಾಗಿಯೇ ಗೊತ್ತಾಗಿರುತ್ತವೆ. ದಿನಪತ್ರಿಕೆಯ ಬಾತ್ಮೀದಾರರಿಗೆ ಮೂರು ನಾಲ್ಕು ದಿನ ಸಾಕು, ಆದರೆ ಒಳ್ಳೆಯದೊಂದು ಭಾವಚಿತ್ರ ಕೊಡಿರಿ. ರೇಡಿಯೋಕ್ಕೆ ಬರೆಯುವಾಗ ವಾಕ್ಯ ಚಿಕ್ಕದಿರಲಿ. ಕಣ್ಣು ಹಿಂದಿನ ಸಾಲಿಗೆ ಮರಳಬಲ್ಲದು, ಕಿವಿಗೆ ಆ ಅನುಕೂಲವಿಲ್ಲ. ತಾರೀಖನ್ನು ಎರಡು ಸಲ ಹೇಳಲೇಬೇಕು. ಡಂಗುರವನ್ನೂ ಹಗುರವಾಗಿ ಕಾಣಬೇಡಿ, ಸಂತೆಯ ದಿನ ಅದರ ಮುಂದೆ ಯಾವ ಪತ್ರಿಕೆಯೂ ಇಲ್ಲ. ಗವಿಮಠದ ಜಾತ್ರೆಯ ದಿನಗಳಲ್ಲಿ ಮಾತ್ರ ಪ್ರದರ್ಶನ ಇಡಿಸಬಾರದು ಎಂದು ನನ್ನ ಅಭಿಪ್ರಾಯ. ಜನ ಲಕ್ಷಗಟ್ಟಲೆ ಇರುತ್ತಾರೆ, ನಿಂತು ನೋಡುವ ವ್ಯವಧಾನವಿರುವುದಿಲ್ಲ.

ಇನ್ನು, ಏನು ಹೇಳಿದರೆ ಜನ ಬಂದಾರು? ದೂರದ ಡೈನೋಸಾರಿನ ಮಾತು ಮಕ್ಕಳಿಗೆ ಸರಿ. ದೊಡ್ಡವರನ್ನು ಕರೆತರುವುದು ತಮ್ಮ ಹೊಲದ ಪ್ರಾಣಿ. ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ 34 ಕಿಲೋಮೀಟರು ಹರಿವನ್ನು ಸರ್ಕಾರ 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಗಂಗಾವತಿಯ ಗದ್ದೆಗೆ ನೀರುಣಿಸುವ ಹೊಳೆಯಲ್ಲೇ ಇರುವ ಈ ಪ್ರಾಣಿಯನ್ನು ಕಂಡವರು ಪೇಟೆಯಲ್ಲಿ ಎಷ್ಟು ಮಂದಿ? ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಗಳ ಧಾಮವಿದೆ. ಯಲಬುರ್ಗಾ, ಕುಷ್ಟಗಿಗಳ ಎರೆಹೊಲದಲ್ಲಿ ಚಿಗರಿಯ ಹಿಂಡು ಬೆಳೆ ಮೇಯುವುದನ್ನು ರೈತರು ಬಲ್ಲರು. ಪ್ರದರ್ಶನದವರೊಡನೆ ಮಾತಾಡಿ, ಇವುಗಳಲ್ಲಿ ಯಾವುದು ಅವರ ಬಳಿ ಇದೆಯೆಂದು ಕೇಳಿಕೊಂಡು, ಅದನ್ನೇ ಸುದ್ದಿಯ ಮೊದಲ ಸಾಲಿಗೆ ತನ್ನಿರಿ. ಇಲ್ಲದಿದ್ದುದನ್ನು ಇದೆ ಎನ್ನಬಾರದು.

ಒಂದು ಎಚ್ಚರಿಕೆ. ಆನೆಗೊಂದಿಯ ಬೆಟ್ಟದ ಸೆರಗಿನ ಊರುಗಳಲ್ಲಿ ಚಿರತೆಯ ಭಯ ನಿಜವಾದದ್ದು. ಹತ್ತಿ ತುಂಬಿದ ಚಿರತೆಯ ಚಿತ್ರದ ಮೇಲೆ 'ಊರಿಗೆ ಬಂದ ಚಿರತೆ' ಎಂಬ ತಲೆಬರಹ ಬಿದ್ದರೆ ಸಂಜೆಯೊಳಗೆ ಬಡಿಗೆಗಳು ಹೊರಬಂದಾವು. ತೋಳವನ್ನು ರಾಕ್ಷಸನಂತೆ ಬಣ್ಣಿಸುವುದೂ ಬೇಡ. ಕುರಿಮರಿ ಕಳೆದುಕೊಂಡ ಕುರುಬನ ಸಿಟ್ಟಿಗೆ ಅದು ತುಪ್ಪ ಹೊಯ್ದಂತೆ. ನೀರುನಾಯಿಯ ಬಿಲ ಹೊಳೆಯ ಯಾವ ಮಗ್ಗುಲಲ್ಲಿದೆ ಎಂದು ಪತ್ರಿಕೆಯಲ್ಲಿ ಬರೆಯಬಾರದು. ಓದುವವರಲ್ಲಿ ಬೇಟೆಗಾರನೂ ಇರುತ್ತಾನೆ.

ಪ್ರದರ್ಶನ ಒಂದು ದಿನ ಹೆಚ್ಚು ನಿಲ್ಲುವುದೆಂದು ಗೊತ್ತಾದರೆ ಆ ಸುದ್ದಿ ಮೊದಲು ರೇಡಿಯೋಕ್ಕೆ ಹೋಗಲಿ. ಟ್ರಾಕ್ಟರು ಹೊರಡಿಸುವ ಊರುಗಳಿಗೆ ಅದು ಬೆಳಗಿನ ಚಹದ ಹೊತ್ತಿಗೆ ಮುಟ್ಟುತ್ತದೆ.